ಮಾತು ಕಡಿಮೆ ಇರುವವರಿಗೆ ವಿದೇಶಿ ಭಾಷೆ ಒಲಿಯುವುದಿಲ್ಲವೇ?

ಪ್ರಶ್ನೆ
ಆಳಂದದ ನರ್ಸಿಂಗ್ ಪದವೀಧರೆ:

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಸದ್ಯ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಜರ್ಮನಿಗೆ ಹೋಗಬೇಕೆಂಬ ಉದ್ದೇಶದಿಂದ ಪಾಳಿ ಮುಗಿದ ಮೇಲೆ ಜರ್ಮನ್ ಭಾಷೆಯ ಆನ್‌ಲೈನ್ ತರಗತಿಗೆ ಕೂರುತ್ತೇನೆ. ಆರಂಭದ ಎ1, ಎ2 ಹಂತಗಳು ಮುಗಿದು ಈಗ ಮಧ್ಯಮ ಹಂತವಾದ ಬಿ1ರ ಪಾಠಗಳು ನಡೆದಿವೆ. ಈ ಸಲದ ತೊಗರಿ ಮಾರಿದ ಹಣದಲ್ಲಿ ಅಪ್ಪ ಶುಲ್ಕ ಕಟ್ಟಿದ್ದಾರೆ. ಹಾಗಾಗಿ ಈ ಕಲಿಕೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ನನ್ನ ತೊಂದರೆ ಇದು. ಬರವಣಿಗೆಯ ಅಭ್ಯಾಸಗಳಲ್ಲಿ ಒಳ್ಳೆಯ ಅಂಕಗಳು ಬರುತ್ತವೆ, ಕೇಳಿಸಿಕೊಂಡದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ; ಆದರೆ ಎಲ್ಲರೆದುರು ಮಾತನಾಡಬೇಕಾದಾಗ, ಮನಸ್ಸಿನಲ್ಲಿ ವಾಕ್ಯವನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಸರದಿ ಬೇರೆಯವರಿಗೆ ಹೋಗಿರುತ್ತದೆ. ನಾನು ಚಿಕ್ಕಂದಿನಿಂದಲೂ ಮಾತು ಕಡಿಮೆ. ಜೊತೆಗೆ ಕಲಿಯುವ ಗೆಳತಿ ತಪ್ಪೋ ಸರಿಯೋ ನೋಡದೆ ಮಾತನಾಡಿಬಿಡುತ್ತಾಳೆ ಮತ್ತು ತರಗತಿಯಲ್ಲಿ ಆಕೆಯನ್ನೇ ಎಲ್ಲರಿಗೂ ಮಾದರಿಯಾಗಿ ತೋರಿಸುತ್ತಾರೆ. ತರಬೇತುದಾರರು ಮೊನ್ನೆ ನನಗೆ, “ನಿಮ್ಮ ಸ್ವಭಾವಕ್ಕೆ ಭಾಷೆ ಒಲಿಯುವುದು ಕಷ್ಟ, ಮೊದಲು ಸ್ವಭಾವ ಬದಲಾಯಿಸಿಕೊಳ್ಳಿ” ಎಂದು ಹೇಳಿದರು. ಅಂದಿನಿಂದ ಪುಸ್ತಕ ತೆರೆದರೂ ಅದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತದೆ.

ಆಸ್ಪತ್ರೆಯಲ್ಲಿ ನನಗೆ ಈ ತೊಂದರೆ ಇಲ್ಲ. ರೋಗಿಗಳೊಂದಿಗೆ ಉರ್ದುವಿನಲ್ಲಿ ಮಾತನಾಡುತ್ತೇನೆ, ಅಕ್ಕಲಕೋಟೆ ಕಡೆಯಿಂದ ಬಂದವರೊಂದಿಗೆ ಮರಾಠಿಯಲ್ಲಿ ಹೇಗೋ ನಿಭಾಯಿಸುತ್ತೇನೆ; ಆದರೆ ಅವು ಕಲಿತ ಭಾಷೆಗಳಲ್ಲ, ತಾವಾಗಿಯೇ ಬಂದವು. ಸ್ವಭಾವಕ್ಕೂ ವಿದೇಶಿ ಭಾಷೆಯ ಕಲಿಕೆಗೂ ನಿಜವಾಗಿ ಎಷ್ಟು ಸಂಬಂಧವಿದೆ, ಅದರ ಬಗ್ಗೆ ಅಧ್ಯಯನಗಳು ನಡೆದಿವೆಯೇ, ನನ್ನಂಥವರು ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ
ಬೀದರ್‌ನ ನಿವೃತ್ತ ಇಂಗ್ಲಿಷ್ ಶಿಕ್ಷಕ:

ಮಗಳ ವಯಸ್ಸಿನವಳಾದ ಕಾರಣ ನೀನು ಎಂದೇ ಬರೆಯುತ್ತೇನೆ, ತಂಗಿ. ನಿನಗೆ ಹೇಳಿದ ಮಾತು ಹೊಸದೇನಲ್ಲ. ಹೆಚ್ಚು ಮಾತನಾಡುವವರೇ ಭಾಷೆಯನ್ನು ಬೇಗ ಕಲಿಯುತ್ತಾರೆ ಎಂಬ ನಂಬಿಕೆ ನಮ್ಮ ಶಿಕ್ಷಕರ ಕೊಠಡಿಯಲ್ಲೂ ಗಟ್ಟಿಯಾಗಿ ಬೇರೂರಿತ್ತು. ಆದರೆ ಅದನ್ನು ಅಳೆದು ನೋಡಲು ಹೊರಟವರಿಗೆ ಬೇರೆಯೇ ಚಿತ್ರ ಕಂಡಿದೆ. ಕೆನಡಾದಲ್ಲಿ ನೈಮನ್, ಫ್ರಾಲಿಕ್, ಸ್ಟರ್ನ್, ಟೊಡೆಸ್ಕೊ ಎಂಬ ಸಂಶೋಧಕರು ಶಾಲೆಗಳಲ್ಲಿ ಫ್ರೆಂಚ್ ಕಲಿಯುತ್ತಿದ್ದ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1978ರಲ್ಲಿ ವರದಿ ಪ್ರಕಟಿಸಿದರು. ಬಹಿರ್ಮುಖ ಸ್ವಭಾವದ, ಅಂದರೆ ಜನರೊಂದಿಗೆ ಬೇಗ ಬೆರೆತು ಮಾತನಾಡುವ ಗುಣದ, ಅಂಕಗಳಿಗೂ ಭಾಷಾ ಪರೀಕ್ಷೆಯ ಅಂಕಗಳಿಗೂ ಹೇಳಿಕೊಳ್ಳುವಂಥ ಸಂಬಂಧ ಅವರಿಗೆ ಸಿಗಲಿಲ್ಲ. ಸಂಬಂಧ ಕಂಡದ್ದು ಇನ್ನೊಂದು ಗುಣಕ್ಕೆ: ಪೂರ್ತಿ ಅರ್ಥವಾಗದ ಸ್ಥಿತಿಯನ್ನು ಸಹಿಸಿಕೊಂಡು ಮುಂದೆ ಸಾಗುವ ಗುಣವಿದ್ದವರು ಕೇಳಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ ಮುಂದಿದ್ದರು.

ಅದಕ್ಕೂ ಮೊದಲು, 1975ರಲ್ಲಿ, ಜೋನ್ ರೂಬಿನ್ ಎಂಬ ವಿದುಷಿ ಭಾಷೆಯನ್ನು ಚೆನ್ನಾಗಿ ಕಲಿಯುವವರಲ್ಲಿ ಕಾಣುವ ಲಕ್ಷಣಗಳನ್ನು ಒಂದು ಲೇಖನದಲ್ಲಿ ವಿವರಿಸಿದ್ದರು. ಅಂಥವರು ಸಂದರ್ಭ ನೋಡಿ ಅರ್ಥವನ್ನು ಊಹಿಸುತ್ತಾರೆ, ಹೇಗಾದರೂ ಮಾಡಿ ವಿಷಯ ತಿಳಿಸಬೇಕೆಂಬ ತವಕ ಅವರಿಗಿರುತ್ತದೆ, ನಗೆಪಾಟಲಾಗುವ ಅಂಜಿಕೆ ಕಡಿಮೆ. ನಿನ್ನ ತರಬೇತುದಾರರು ಇಷ್ಟನ್ನು ಖಂಡಿತ ಒಪ್ಪುತ್ತಾರೆ. ಆದರೆ ಭಾಷೆಯ ರೂಪದ ಕಡೆ ಗಮನ ಕೊಡುವುದು, ತನ್ನ ಮಾತನ್ನೂ ಇತರರ ಮಾತನ್ನೂ ಎಚ್ಚರದಿಂದ ಕೇಳಿಸಿಕೊಂಡು ತಿದ್ದಿಕೊಳ್ಳುವುದು ಕೂಡ ಅದೇ ಲೇಖನದಲ್ಲಿವೆ, ಮತ್ತು ಇವು ಸಾಮಾನ್ಯವಾಗಿ ಸುಮ್ಮನೆ ಕುಳಿತ ಮಕ್ಕಳಲ್ಲೇ ನನಗೆ ಹೆಚ್ಚಾಗಿ ಕಂಡಿವೆ. ಔರಾದ್ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುವಾಗ ಗಮನಿಸಿದ್ದೇನೆ: ಪಟಪಟನೆ ಮಾತನಾಡುವ ಹುಡುಗ ಹತ್ತನೆಯ ತರಗತಿಗೆ ಬಂದರೂ ಎಂಟನೆಯ ತರಗತಿಯ ತಪ್ಪುಗಳನ್ನೇ ಅಷ್ಟೇ ವೇಗವಾಗಿ ಆಡುತ್ತಿದ್ದ. ಅರ್ಥವಾಗುತ್ತಿದ್ದ ಕಾರಣ ಯಾರೂ ಅವನನ್ನು ತಡೆದು ನಿಲ್ಲಿಸುತ್ತಿರಲಿಲ್ಲ, ತಿದ್ದಿಕೊಳ್ಳುವ ಅಗತ್ಯವೂ ಅವನಿಗೆ ಕಾಣುತ್ತಿರಲಿಲ್ಲ.

ಇನ್ನು ಹೊಟ್ಟೆಪಾಡಿಗಾಗಿ ಕಲಿಯುವವರಿಗೆ ಭಾಷೆಯ ಮೇಲೆ ನಿಜವಾದ ಪ್ರೀತಿ ಇರುವುದಿಲ್ಲ, ಆದ್ದರಿಂದ ಅದು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡ. ಆ ಭಾಷೆಯ ಜನರೊಂದಿಗೆ ಬೆರೆಯಬೇಕೆಂಬ ಆಸೆಯೇ ಕಲಿಕೆಗೆ ಹೆಚ್ಚು ಬಲ ಕೊಡುತ್ತದೆ ಎಂದು ಕೆನಡಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ವಾದಿಸಿದ್ದರು. ಆದರೆ ಯಾಸ್ಮೀನ್ ಲುಕ್ಮಾನಿಯವರು ಮುಂಬೈಯ ಮರಾಠಿ ಮಾತಿನ ಪ್ರೌಢಶಾಲಾ ವಿದ್ಯಾರ್ಥಿನಿಯರನ್ನು ಅಧ್ಯಯನ ಮಾಡಿ 1972ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಉದ್ಯೋಗ ಮತ್ತು ಏಳಿಗೆಗಾಗಿ ಇಂಗ್ಲಿಷ್ ಬೇಕೆಂಬ ಪ್ರೇರಣೆಯೇ ಅವರ ಇಂಗ್ಲಿಷ್ ಸಾಮರ್ಥ್ಯದೊಂದಿಗೆ ಹೆಚ್ಚು ಹೊಂದಿಕೊಂಡಿತ್ತು. ತೊಗರಿ ಮಾರಿದ ಹಣದ ಜವಾಬ್ದಾರಿಯನ್ನು ಹೊತ್ತು ಓದುವವಳಿಗೆ ಆ ಪ್ರೇರಣೆಯ ಕೊರತೆ ಇಲ್ಲ.

ನಿನ್ನ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು, ನೀನು ಬದಿಗಿಟ್ಟ ಮಾತು. ಉರ್ದು, ಮರಾಠಿ ತಾವಾಗಿ ಬರಲಿಲ್ಲ, ತಂಗಿ, ನೀನು ಕಲಿತೆ. ಮಾತು ಕಡಿಮೆ ಇದ್ದವಳೇ ಕಲಿತೆ. ಅದರಲ್ಲೂ ಮರಾಠಿಯಲ್ಲಿ ನಿರ್ಜೀವ ವಸ್ತುಗಳಿಗೂ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಇವೆ. ಡೆರ್, ಡೀ, ಡಾಸ್ ಎಂದು ಮೂರು ಲಿಂಗಗಳನ್ನು ಹೊತ್ತ ಜರ್ಮನ್ ನಾಮಪದಗಳನ್ನು ಕಂಡು ಕನ್ನಡವೊಂದೇ ಬಲ್ಲವರು ಗಾಬರಿಯಾಗುವಷ್ಟು ನೀನು ಆಗಬೇಕಿಲ್ಲ.

ಉತ್ತರ
ಗುರುಮಠಕಲ್‌ನ ಬಟ್ಟೆ ವ್ಯಾಪಾರಿ:

ಮೇಷ್ಟ್ರ ಮಾತಿಗೆ ನನ್ನ ಗೌರವವಿದೆ, ಆದರೆ ಒಂದು ಕಡೆ ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆಯ ಅಂಕಕ್ಕೂ ಸ್ವಭಾವಕ್ಕೂ ಸಂಬಂಧವಿಲ್ಲದಿರಬಹುದು, ಆದರೆ ಬಾಯಿ ತೆರೆಯದೆ ಯಾವ ಭಾಷೆಯೂ ನಾಲಿಗೆಗೆ ಹತ್ತುವುದಿಲ್ಲ. ನಮ್ಮದು ತೆಲಂಗಾಣದ ಗಡಿ. ನಾರಾಯಣಪೇಟೆ ಕಡೆಯಿಂದ ಬರುವ ಗಿರಾಕಿಗಳೊಂದಿಗೆ ತೆಲುಗಿನಲ್ಲಿ ಮಾತನಾಡದಿದ್ದರೆ ಅಂಗಡಿ ನಡೆಯುವುದಿಲ್ಲ, ಹಾಗಾಗಿ ಕೆಲಸಕ್ಕೆ ಬರುವ ಹುಡುಗರು ತೆಲುಗು ಕಲಿಯುವುದನ್ನು ಹತ್ತಿರದಿಂದ ನೋಡುತ್ತ ಬಂದಿದ್ದೇನೆ.

ಒಂದೇ ಹಳ್ಳಿಯಿಂದ ಇಬ್ಬರು ಹುಡುಗರು ಬಂದಿದ್ದರು. ಒಬ್ಬನು ಬಂದ ವಾರವೇ ಗಿರಾಕಿಗಳನ್ನು ತೆಲುಗಿನಲ್ಲಿ ಕರೆದು ಕೂರಿಸಲು ಶುರು ಮಾಡಿದ. ದರ, ಮೀಟರ್, ಬಣ್ಣ, ಚೌಕಾಸಿ ಎಲ್ಲವೂ ಬಹುಬೇಗ ಬಂದವು. ಇನ್ನೊಬ್ಬನು ತಾನುಗಳನ್ನು ಬಿಚ್ಚಿ ಹಾಸುವುದು, ಸುತ್ತಿ ಇಡುವುದು, ಇಷ್ಟೇ ಮಾಡುತ್ತ ಬಾಯಿ ಬಿಡದೆ ಇರುತ್ತಿದ್ದ. ಒಂದು ಮದುವೆ ಸೀಸನ್ನಿನಲ್ಲಿ ಜನ ಹೆಚ್ಚಾಗಿ, ಬೇರೆ ದಾರಿಯಿಲ್ಲದೆ ಅವನನ್ನೇ ಸೀರೆಯ ಕಡೆ ಕೂರಿಸಿದೆ. ಒಬ್ಬ ಮುದುಕಿ ಸೆರಗು ಬಿಚ್ಚಿಸಿ, ದಡಿ ತಿರುಗಿಸಿ, ಸೊಸೆಗೆ ಒಪ್ಪುತ್ತದೋ ಇಲ್ಲವೋ ಎಂದು ಬಹಳ ಹೊತ್ತು ಕೇಳುತ್ತಲೇ ಇದ್ದಳು. ಅವನು ಅವಳ ಕಡೆಯವರು ಆಡುವ ಧಾಟಿಯಲ್ಲೇ, ಅವಳಿಗೆ ಸಲ್ಲಬೇಕಾದ ಮರ್ಯಾದೆಯ ಮಾತುಗಳಲ್ಲೇ ಉತ್ತರ ಕೊಟ್ಟ. ಇಷ್ಟು ದಿನ ಕೇಳಿಸಿಕೊಂಡದ್ದೆಲ್ಲ ಒಳಗೇ ಇತ್ತು. ಮೊದಲನೆಯವನ ತೆಲುಗು ಚೌಕಾಸಿಗೆ ಬೇಕಾದಷ್ಟರಲ್ಲೇ ಇವತ್ತಿಗೂ ನಿಂತಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಎರಡನೆಯವನನ್ನು ಸೀರೆಯ ಮುಂದೆ ಕೂರಿಸದೇ ಇದ್ದಿದ್ದರೆ ಅವನ ತೆಲುಗು ಒಳಗೇ ಉಳಿಯುತ್ತಿತ್ತು. ಆದ್ದರಿಂದ ತಂಗೀ, ಸ್ವಭಾವ ಬದಲಿಸಬೇಡ, ಆದರೆ ಮಾತನಾಡಲೇಬೇಕಾದ ಜಾಗದಲ್ಲಿ ನಿನ್ನನ್ನು ನೀನೇ ಕೂರಿಸಿಕೊ.

ಉತ್ತರ
ಕಲಬುರಗಿಯ ಮನೋವಿಜ್ಞಾನ ಉಪನ್ಯಾಸಕಿ:

ಇಬ್ಬರು ಹಿರಿಯರೂ ಹೇಳಿದ್ದು ಸರಿಯಾಗಿಯೇ ಇದೆ. ಒಬ್ಬರು ಹೇಳುತ್ತಿರುವುದು ಭಾಷೆಯ ಜ್ಞಾನದ ಬಗ್ಗೆ, ಇನ್ನೊಬ್ಬರು ಹೇಳುತ್ತಿರುವುದು ಅದನ್ನು ಜನರೆದುರು ಬಳಸುವ ಬಗ್ಗೆ. ಈ ವಿಷಯದ ಬಹುಪಾಲು ಗೊಂದಲ ಹುಟ್ಟುವುದು ಇವೆರಡನ್ನೂ ಕೂಡಿಸಿ ಯಶಸ್ಸು ಎಂದು ಕರೆಯುವುದರಿಂದಲೇ.

ವ್ಯಕ್ತಿತ್ವವನ್ನು ಇಂದು ಸಾಮಾನ್ಯವಾಗಿ ಐದು ಗುಣಗಳ ನೆಲೆಯಲ್ಲಿ ಅಳೆಯುತ್ತಾರೆ: ಹೊಸ ಅನುಭವಗಳಿಗೆ ತೆರೆದುಕೊಳ್ಳುವ ಮನಸ್ಸು, ಹಿಡಿದ ಕೆಲಸವನ್ನು ಶಿಸ್ತಿನಿಂದ ಮುಗಿಸುವ ನಿಷ್ಠೆ, ಬಹಿರ್ಮುಖತೆ, ಇತರರೊಂದಿಗಿನ ಹೊಂದಾಣಿಕೆ ಮತ್ತು ಭಾವನೆಗಳ ಏರುಪೇರು. ಪ್ರತಿಯೊಬ್ಬರಲ್ಲೂ ಈ ಐದೂ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇರುತ್ತವೆ. ಭಾಷಾಕಲಿಕೆಯೊಂದಿಗೆ ಇವುಗಳ ನಂಟನ್ನು ಅಳೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೊದಲೆರಡು ಗುಣಗಳ ನಂಟು ಬಹಿರ್ಮುಖತೆಯ ನಂಟಿಗಿಂತ ಹೆಚ್ಚಾಗಿ ಕಾಣುತ್ತದೆ. ಆ ನಂಟು ಕೂಡ ಬಹಳ ದೊಡ್ಡದಲ್ಲ. ಒಬ್ಬರ ಸ್ವಭಾವದ ಅಂಕಗಳನ್ನು ನೋಡಿ ಅವರಿಗೆ ಭಾಷೆ ಬರುತ್ತದೆ, ಬರುವುದಿಲ್ಲ ಎಂದು ಭವಿಷ್ಯ ನುಡಿಯುವಷ್ಟು ಬಲ ಅದಕ್ಕಿಲ್ಲ. ನೆದರ್ಲೆಂಡ್ಸ್‌ನಲ್ಲಿ ವೆರ್‌ಹೂವೆನ್ ಮತ್ತು ವೆರ್ಮೀರ್ ಶಾಲಾ ಮಕ್ಕಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರೆದ ಮನಸ್ಸು ಭಾಷಾ ಸಾಮರ್ಥ್ಯದ ಹಲವು ಅಂಗಗಳೊಂದಿಗೆ ಸಂಬಂಧ ತೋರಿತು. ಬಹಿರ್ಮುಖತೆಯಾದರೋ ಮಾತುಕತೆಯನ್ನು ಮುರಿಯದಂತೆ ಜಾಣತನದಿಂದ ನಡೆಸಿಕೊಂಡು ಹೋಗುವ ಸಾಮರ್ಥ್ಯದೊಂದಿಗೆ ಮಾತ್ರ.

ವ್ಯಾಪಾರಿ ಅಣ್ಣನವರ ಮಾತಿಗೆ ಆಧಾರವಾಗುವ ಅಧ್ಯಯನವೂ ಇದೆ. ಡೆವಾಲೆ ಮತ್ತು ಫರ್ನ್‌ಹ್ಯಾಮ್ ಫ್ರೆಂಚ್ ಕಲಿಯುತ್ತಿದ್ದ ಫ್ಲೆಮಿಶ್, ಅಂದರೆ ಬೆಲ್ಜಿಯಂನ ಡಚ್ ಮಾತಿನ, ವಿದ್ಯಾರ್ಥಿಗಳ ಮಾತನ್ನು ಪರಿಶೀಲಿಸಿ 2000ದಲ್ಲಿ ಬರೆದರು. ಬಹಿರ್ಮುಖರ ಮಾತಿನ ಓಟ ಹೆಚ್ಚಾಗಿತ್ತು, ಮತ್ತು ಈ ವ್ಯತ್ಯಾಸ ಎದ್ದು ಕಂಡದ್ದು ಒತ್ತಡದ ಸಂದರ್ಭದಲ್ಲಿ. ಒತ್ತಡ ಬಂದಾಗ ಅಂತರ್ಮುಖರ ಕಾರ್ಯಸ್ಮೃತಿ, ಅಂದರೆ ಆ ಕ್ಷಣಕ್ಕೆ ಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ, ಬೇಗ ದಣಿಯುತ್ತದೆ ಎಂಬುದು ಅವರು ಕೊಡುವ ವಿವರಣೆ. ಪ್ರಶ್ನೆ ಕೇಳಿದ ತಂಗಿಗೆ ತರಗತಿಯಲ್ಲಿ ಆಗುತ್ತಿರುವುದಕ್ಕೆ ಇದು ಬಹಳ ಹತ್ತಿರವಾಗಿದೆ. ಪದವೂ ಇದೆ, ವ್ಯಾಕರಣವೂ ಇದೆ. ಎಲ್ಲರ ಕಣ್ಣು ತನ್ನ ಮೇಲಿರುವಾಗ ಅವೆರಡನ್ನೂ ಕೂಡಿಸಲು ಬೇಕಾದ ಜಾಗ ಮನಸ್ಸಿನಲ್ಲಿ ಉಳಿಯುವುದಿಲ್ಲ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಒಂದು ಮಾತಿದೆ. ಮಾತು ಕಡಿಮೆ ಇರುವುದು ಬೇರೆ, ಆತಂಕ ಬೇರೆ. ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ವಿದೇಶಿ ಭಾಷೆಯ ತರಗತಿಯಲ್ಲಿ ಹುಟ್ಟುವ ಆತಂಕವನ್ನು ಅಳೆಯಲು 33 ಹೇಳಿಕೆಗಳ ಒಂದು ಮಾಪಕವನ್ನು ಕೊಟ್ಟರು. ಆ ಆತಂಕವು ಹುಟ್ಟುಗುಣವಲ್ಲ, ಆ ಸಂದರ್ಭಕ್ಕೇ ಅಂಟಿಕೊಂಡದ್ದು ಎಂಬುದು ಅವರ ಮುಖ್ಯ ವಾದ. ಅಂಕ, ಹೋಲಿಕೆ, ತಪ್ಪಿಗೆ ಎಲ್ಲರೆದುರು ಬೀಳುವ ತಡೆ, ಇವೆಲ್ಲ ಸೇರಿದ ಜಾಗದಲ್ಲಿ ಅದು ಬೆಳೆಯುತ್ತದೆ. ವಾರ್ಡಿನಲ್ಲಿ ಉರ್ದು ಮಾತನಾಡುವಾಗ ಆ ಜಾಗವೇ ಇಲ್ಲ. ನೋವು ಎಲ್ಲಿದೆ, ಊಟ ಆಯಿತೇ, ಗುಳಿಗೆ ನುಂಗಿದಿರಾ ಎಂದು ಕೇಳುವಾಗ ಗಮನ ರೋಗಿಯ ಮೇಲಿರುತ್ತದೆ, ತನ್ನ ಮೇಲಿರುವುದಿಲ್ಲ. ಲಿಂಗ ವಚನ ತಪ್ಪಿದರೂ ಮಂಚದ ಮೇಲಿರುವ ಅಜ್ಜಿ ತಿದ್ದಲು ಹೋಗುವುದಿಲ್ಲ, ಉತ್ತರ ಕೊಡುತ್ತಾಳೆ. ನಮ್ಮ ಭಾಗದಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಮೂರು ನಾಲ್ಕು ಭಾಷೆಗಳಲ್ಲಿ ವ್ಯವಹರಿಸುವುದಕ್ಕೆ ಈ ವಾತಾವರಣ ಒಂದು ದೊಡ್ಡ ಕಾರಣವೆಂದು ನಾನು ಬಲವಾಗಿ ನಂಬುತ್ತೇನೆ. ಭಾಷಾ ತರಗತಿ ನಡೆಸುವವರು ಇದರಿಂದ ಕಲಿಯಬೇಕಾದದ್ದು ಬಹಳವಿದೆ.

ಮ್ಯಾಕಿಂಟೈರ್, ಕ್ಲೆಮಾಂ, ಡರ್ನ್ಯೆಯಿ ಮತ್ತು ನೋಯೆಲ್ಸ್ 1998ರಲ್ಲಿ, ಒಬ್ಬ ವ್ಯಕ್ತಿ ಎರಡನೆಯ ಭಾಷೆಯಲ್ಲಿ ಬಾಯಿ ತೆರೆಯಲು ಮನಸ್ಸು ಮಾಡುವುದು ಹೇಗೆ ಎಂಬುದನ್ನು ಆರು ಪದರಗಳ ಪಿರಮಿಡ್ಡಿನ ರೂಪದಲ್ಲಿ ವಿವರಿಸಿದರು. ಅದರಲ್ಲಿ ವ್ಯಕ್ತಿತ್ವ ಇರುವುದು ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ. ಮಾತಿನ ಕ್ಷಣಕ್ಕೆ ಹತ್ತಿರವಾಗಿ, ಮೇಲೆ ಇರುವುದು ಎದುರಿಗಿರುವ ಈ ವ್ಯಕ್ತಿಯೊಂದಿಗೆ ಮಾತನಾಡಬೇಕೆಂಬ ಆಸೆ ಮತ್ತು ಈ ಹೊತ್ತಿನ ಆತ್ಮವಿಶ್ವಾಸ. ಕೆಳಗಿನ ಪದರವನ್ನು ಅಲುಗಾಡಿಸುವುದು ಕಷ್ಟ, ಆದರೆ ಮೇಲಿನವನ್ನು ಬದಲಿಸಬಹುದು: ಯಾರೊಂದಿಗೆ, ಎಷ್ಟು ಜನರೆದುರು, ಯಾವ ವಿಷಯದ ಮೇಲೆ ಮಾತನಾಡುತ್ತೇವೆ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಹೀಗಿರುವಾಗ ಸ್ವಭಾವ ಬದಲಾಯಿಸಿಕೊಂಡು ಬನ್ನಿ ಎಂದು ವಿದ್ಯಾರ್ಥಿನಿಯನ್ನು ಹಿಂದಕ್ಕೆ ಕಳಿಸುವುದು ಅನ್ಯಾಯ.

ಅರೆಬರೆ ಅರ್ಥವನ್ನು ಸಹಿಸುವ ಗುಣದ ಬಗ್ಗೆಯೂ ಒಂದು ಮಾತು. ಜರ್ಮನ್ ಭಾಷೆಯಲ್ಲಿ ಕೆಲವು ಕ್ರಿಯಾಪದಗಳು ಎರಡಾಗಿ ಒಡೆದು, ಅರ್ಧ ವಾಕ್ಯದ ನಡುವೆಯೂ ಉಳಿದರ್ಧ ತುದಿಯಲ್ಲೂ ಕೂರುತ್ತವೆ. ವಾಕ್ಯ ಮುಗಿಯುವವರೆಗೆ ಅರ್ಥ ನಿಶ್ಚಯವಾಗುವುದಿಲ್ಲ. ಪ್ರತಿ ಪದಕ್ಕೂ ಅಲ್ಲಲ್ಲೇ ಅರ್ಥ ಹುಡುಕುವವರು ಇಲ್ಲಿ ಹಿಂದೆ ಬೀಳುತ್ತಾರೆ. ಕೇಳುವ ಅಭ್ಯಾಸ ಮಾಡುವಾಗ ರೆಕಾರ್ಡಿಂಗನ್ನು ನಡುನಡುವೆ ನಿಲ್ಲಿಸದೆ ಕೊನೆಯವರೆಗೂ ಕೇಳಿ, ಆಮೇಲೆ ಸಿಕ್ಕಷ್ಟನ್ನು ಬರೆದುಕೊಳ್ಳುವುದರಿಂದ ಈ ಸಹನೆ ಬೆಳೆಯುತ್ತದೆ. ಮೊಬೈಲ್‌ನಲ್ಲಿ ಸಿಗುವ ವ್ಯಕ್ತಿತ್ವ ಪರೀಕ್ಷೆಗಳ ಫಲಿತಾಂಶ ನೋಡಿ ಮಾತ್ರ ಯಾವ ತೀರ್ಮಾನಕ್ಕೂ ಬರಬೇಡಿ.

ಪ್ರಶ್ನೆ ಕೇಳಿದವರಿಂದ
ಆಳಂದದ ನರ್ಸಿಂಗ್ ಪದವೀಧರೆ:

ಮೂವರಿಗೂ ಅನಂತ ವಂದನೆಗಳು. ಮೇಡಂ, ಮಾತು ಕಡಿಮೆ ಇರುವುದು ಬೇರೆ, ಆತಂಕ ಬೇರೆ ಎಂದು ನೀವು ಬಿಡಿಸಿ ಹೇಳಿದ್ದು ನನಗೆ ಬಹಳ ನೆರವಾಯಿತು. ನನಗೆ ಗೆಳತಿಯಂತೆ ಆಗಬೇಕೆಂಬ ಆಸೆ ಇಲ್ಲ, ಆ ಬಿಗಿತ ಹೋದರೆ ಸಾಕು. ಇನ್ನೆರಡು ಸಂಶಯಗಳಿವೆ. ಬಿ1 ಮೌಖಿಕ ಪರೀಕ್ಷೆಯಲ್ಲಿ ಅಪರಿಚಿತರೊಂದಿಗೆ ಜೋಡಿಯಾಗಿ ಮಾತನಾಡಬೇಕು ಎನ್ನುತ್ತಾರೆ. ಎದುರಿನವರು ಬಹಳ ಮಾತನಾಡುವವರಾದರೆ ನನ್ನ ಗತಿಯೇನು? ಎರಡನೆಯದು, ಅಲ್ಲಿಯ ಆಸ್ಪತ್ರೆಯಲ್ಲಿ ಮಾತು ಕಡಿಮೆ ಇರುವ ನರ್ಸ್‌ಗೆ ಕೆಲಸ ನಿಭಾಯಿಸಲು ಸಾಧ್ಯವೇ?

ಉತ್ತರ
ಹುಮನಾಬಾದ್ ಮೂಲದ ನರ್ಸ್, ಸದ್ಯ ಜರ್ಮನಿಯಲ್ಲಿ:

ತಂಗೀ, ಎರಡೂ ಪ್ರಶ್ನೆಗಳಿಗೆ ನಾನು ಉತ್ತರ ಕೊಡಬಲ್ಲೆ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯ್ಟೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂಬ ನಾಲ್ಕು ಭಾಗಗಳಿದ್ದು, ಒಂದೊಂದಕ್ಕೂ 100 ಅಂಕ; ಪ್ರತಿಯೊಂದರಲ್ಲೂ ಕನಿಷ್ಠ 60 ಬರಬೇಕು. ಒಂದು ಭಾಗ ಕೈತಪ್ಪಿದರೆ ಅದನ್ನಷ್ಟೇ ಮತ್ತೆ ಬರೆಯಬಹುದು. ಮಾತಿನ ಪರೀಕ್ಷೆ ಜೋಡಿಯಾಗಿ ಸುಮಾರು 15 ನಿಮಿಷ ನಡೆಯುತ್ತದೆ, ಆದರೆ ಅದಕ್ಕೂ ಮೊದಲು ತಯಾರಿಗೆ 15 ನಿಮಿಷ ಕೊಡುತ್ತಾರೆ, ಟಿಪ್ಪಣಿ ಮಾಡಿಕೊಳ್ಳಬಹುದು. ಯೋಚಿಸಿ ಮಾತನಾಡುವವರಿಗೆ ಈ ಹೊತ್ತು ಬಹಳ ದೊಡ್ಡದು. ಮೊದಲ ಭಾಗದಲ್ಲಿ ಇಬ್ಬರೂ ಸೇರಿ ಏನನ್ನಾದರೂ ಯೋಜಿಸಬೇಕು, ಎರಡನೆಯದರಲ್ಲಿ ಒಂದು ವಿಷಯವನ್ನು ಒಬ್ಬರೇ ಮಂಡಿಸಬೇಕು, ಮೂರನೆಯದರಲ್ಲಿ ಎದುರಿನವರ ಮಂಡನೆಗೆ ಪ್ರತಿಕ್ರಿಯಿಸಿ ಪ್ರಶ್ನೆ ಕೇಳಬೇಕು. ಮೂರನೆಯದು ಚೆನ್ನಾಗಿ ಕೇಳಿಸಿಕೊಂಡವರಿಗೆ ಅನುಕೂಲವಾದ ಭಾಗ. ಮೊದಲನೆಯದರಲ್ಲಿ ಜೋಡಿಯವರು ಮಾತು ನಿಲ್ಲಿಸದಿದ್ದರೆ ನಡುವೆ ಪ್ರವೇಶಿಸಲು ನಾಲ್ಕಾರು ವಾಕ್ಯಗಳು ನಾಲಿಗೆಯ ತುದಿಯಲ್ಲಿರಬೇಕು: ಇದು ಒಳ್ಳೆಯ ಆಲೋಚನೆ, ಆದರೆ ನನ್ನದೊಂದು ಸಲಹೆ ಇದೆ, ಹಾಗಾದರೆ ಶನಿವಾರ ಆಗುತ್ತದೆಯೇ, ನನಗೆ ಬೇರೆ ರೀತಿ ಅನ್ನಿಸುತ್ತದೆ. ಇಂಥವನ್ನು ದಿನವೂ ಜೋರಾಗಿ ಹೇಳಿ ಅಭ್ಯಾಸ ಮಾಡು. ಆಗ ಪರೀಕ್ಷೆಯಲ್ಲಿ ಜೋಡಿಸುವ ಕೆಲಸ ಉಳಿಯುವುದಿಲ್ಲ.

ನರ್ಸ್ ಆಗಿ ಮಾನ್ಯತೆ ಪಡೆಯಲು ಇಲ್ಲಿಯ ಬಹುತೇಕ ರಾಜ್ಯಗಳಲ್ಲಿ ಮುಂದಿನ ಹಂತವಾದ ಬಿ2 ಬೇಕು, ಆದ್ದರಿಂದ ಬಿ1 ಮುಗಿದ ಮೇಲೂ ಓದು ನಿಲ್ಲಿಸಬೇಡ. ಕೆಲಸದ ವಿಷಯಕ್ಕೆ ಬಂದರೆ, ಪಾಳಿ ಬದಲಾಗುವಾಗ ಯೂಬರ್‌ಗಾಬೆ ಎಂಬ ಹಸ್ತಾಂತರ ನಡೆಯುತ್ತದೆ. ರೋಗಿಯ ಹೆಸರು, ಕಾಯಿಲೆ, ರಾತ್ರಿ ನಿದ್ದೆ ಹೇಗಿತ್ತು, ರಕ್ತದೊತ್ತಡ, ನೋವಿನ ಮಟ್ಟ, ಗಾಯದ ಸ್ಥಿತಿ, ಇನ್ನೂ ಏನು ಮಾಡಬೇಕಿದೆ ಎಂಬುದನ್ನು ಒಬ್ಬೊಬ್ಬರದಾಗಿ ಹೇಳಬೇಕು. ಇಲ್ಲಿ ಹೆಚ್ಚು ಮಾತಿಗಿಂತ ಖಚಿತ ಮಾತಿಗೆ ಬೆಲೆ. ಕೈಯಲ್ಲಿ ಚೀಟಿ ಹಿಡಿದು, ಅದೇ ಕ್ರಮದಲ್ಲಿ, ಚಿಕ್ಕ ವಾಕ್ಯಗಳಲ್ಲಿ ಹೇಳುವವರ ವರದಿಯನ್ನು ಎಲ್ಲರೂ ಮೆಚ್ಚುತ್ತಾರೆ. ನಿಜವಾಗಿ ಕಷ್ಟವಾಗುವುದು ಎರಡು ಕಡೆ: ಫೋನಿನಲ್ಲಿ ವೈದ್ಯರೊಂದಿಗೆ ಮಾತನಾಡುವಾಗ, ಮತ್ತು ವಯಸ್ಸಾದ ರೋಗಿಗಳು ತಮ್ಮ ಊರಿನ ಆಡುಮಾತಿನಲ್ಲಿ ಮಾತನಾಡುವಾಗ. ಎರಡರಲ್ಲೂ, ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಹೇಳಿ ಎಂದು ಕೇಳಲು ಹಿಂಜರಿಯಬಾರದು, ಏಕೆಂದರೆ ಅರ್ಥವಾಗದೆ ತಲೆಯಾಡಿಸಿದರೆ ಔಷಧದ ಪ್ರಮಾಣದಲ್ಲಿ ಅನಾಹುತವಾಗಬಹುದು. ಈ ಒಂದು ವಿಷಯದಲ್ಲಿ ಮೌನಕ್ಕೆ ಅವಕಾಶವೇ ಇಲ್ಲ.

ಈಗ ಮಾಡಬಹುದಾದ ಕೆಲಸ ಹೇಳುತ್ತೇನೆ. ಪಾಳಿ ಮುಗಿದ ಮೇಲೆ ಇವತ್ತು ನೋಡಿಕೊಂಡ ಒಬ್ಬ ರೋಗಿಯ ಹಸ್ತಾಂತರವನ್ನು, ಹೆಸರು ಬಿಟ್ಟು, ಜರ್ಮನ್‌ನಲ್ಲಿ ಮೊಬೈಲ್‌ಗೆ ಹೇಳಿ ರೆಕಾರ್ಡ್ ಮಾಡು. ಕೇಳಿ, ತಿದ್ದಿಕೊಂಡು, ಮತ್ತೊಮ್ಮೆ ಹೇಳು. ನಂತರ ಅದನ್ನೇ ನಿನ್ನ ಆ ಗೆಳತಿಯ ಮುಂದೆ ಹೇಳು. ಅವಳ ಓಟ ನಿನಗೂ ನಿನ್ನ ವ್ಯಾಕರಣ ಅವಳಿಗೂ ಉಪಯೋಗಕ್ಕೆ ಬರುತ್ತದೆ. ತರಬೇತುದಾರರಲ್ಲಿ ಎರಡು ವಿಷಯಗಳನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಿಕೊ: ಗುಂಪಿನೆದುರು ಕರೆಯುವ ಮೊದಲು ಇಬ್ಬಿಬ್ಬರಾಗಿ ಮಾತನಾಡಲು ಸ್ವಲ್ಪ ಸಮಯ ಕೊಡಲಿ, ಮತ್ತು ತಪ್ಪುಗಳನ್ನು ವಾಕ್ಯದ ನಡುವೆ ತಡೆಯದೆ ಮಾತು ಮುಗಿದ ಮೇಲೆ ತಿದ್ದಲಿ. ಅವರು ಒಪ್ಪದಿದ್ದರೆ ಇಲ್ಲಿಯೇ ಬರೆ. ಭಾನುವಾರಗಳಂದು ನಾನು ಬಿಡುವಾಗಿರುತ್ತೇನೆ, ಕರೆ ಮಾಡಿ ಇಬ್ಬರೂ ಜರ್ಮನ್‌ನಲ್ಲೇ ಮಾತನಾಡೋಣ.